ಗಣತಿ ಅಕ್ಕೋರು

ಹೊಸಬರು ಯಾರೇ ಎದುರಾಗಲಿ, ಕಟಗೇರಿ ಅಕ್ಕೋರು ಹೆಸರು ಕೇಳುತ್ತಿರಲಿಲ್ಲ. “ಮನ್ಯಾಗ ಎಷ್ಟ ಮಂದಿ ಅದೀರಿ?” ಎಂದು ಕೇಳುತ್ತಿದ್ದರು. ಉತ್ತರ ಬಂದ ಮೇಲೆ ವಯಸ್ಸು, ಆಮೇಲೆ ಊರು, ಏನು ಕೆಲಸ, ಎಷ್ಟು ಮಕ್ಕಳು. ಕೇಳುವಾಗ ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದಿರುತ್ತಿದ್ದರು, ಅಲ್ಲೊಂದು ರಟ್ಟಿದೆ, ರಟ್ಟಿನ ಮೇಲೆ ಕಾಗದವಿದೆ ಎಂಬಂತೆ. ಬಾಗಲಕೋಟೆ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ, ಮೂರು ಸಲ ಜನಗಣತಿಗೆಂದು ಮನೆ ಮನೆ ಸುತ್ತಿದ್ದವರು. ಗಂಡ ತೀರಿಕೊಂಡ ಮೇಲೆ ಕಡಲು ದಾಟಿ ಇಲ್ಲಿ ಮಗಳ ಮನೆಗೆ ಬಂದು ಹದಿನೈದು ವರ್ಷವಾಗಿದ್ದರೂ ಆ ಕೈ ಕೆಳಗಿಳಿದಿರಲಿಲ್ಲ.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅವರಿಗೂ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಿಕೊಂಡವರ ಬಗ್ಗೆ ಬರೆಯಲು ಕೂತರೆ ಎಲ್ಲರೂ ದೇವರಂಥವರಾಗಿಬಿಡುತ್ತಾರೆ. ಅಕ್ಕೋರಿಗೆ ಅಂಥದ್ದು ಹಿಡಿಸುತ್ತಿರಲಿಲ್ಲ.

ಮೊದಲ ಸಲ ಕಂಡದ್ದು ಲಿವರ್‌ಮೋರಿನ ಗುಡಿಯ ಊಟದ ಹಾಲಿನಲ್ಲಿ. ಎಂಟು ವರ್ಷದ ಮಗಳು ಅನಿಕಾಳ ಜೊತೆ ತಟ್ಟೆ ಹಿಡಿದುಕೊಂಡು ಜಾಗ ಹುಡುಕುತ್ತಿದ್ದೆ. ಗಂಟು ಕಟ್ಟಿದ ಬಿಳಿ ಕೂದಲು, ಇಳಕಲ್ ಸೀರೆ, ಕಾಲಿಗೆ ಓಡುವವರ ಬೂಟು ಹಾಕಿದ್ದ ಹೆಂಗಸೊಬ್ಬರು ದಾರಿಗೆ ಅಡ್ಡ ನಿಂತರು.

“ಮನ್ಯಾಗ ಎಷ್ಟ ಮಂದಿ?”

“ಮೂರು ಜನ.”

“ಯಜಮಾನ್ರು ಏನ ಮಾಡ್ತಾರ?”

ನನ್ನ ಗಂಡ ಮೋಹನ್‌ಗೆ ಫ್ರೀವೇಯಲ್ಲಿ ಅಪಘಾತವಾಗಿ ಆಗ ಆರು ತಿಂಗಳು. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ಗುಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲರೂ ಒಟ್ಟಿಗೆ ಬಂದು ಕೈ ಹಿಡಿದುಕೊಳ್ಳುತ್ತಾರೆ, ಅದು ನಮಗಿಬ್ಬರಿಗೂ ಬೇಡವಾಗಿತ್ತು. “ಸದ್ಯಕ್ಕೆ ಏನೂ ಮಾಡ್ತಿಲ್ಲ” ಎಂದೆ.

“ಅಂದ್ರ ಕೆಲಸ ಇಲ್ಲ. ಹೆಂಡ್ತಿ ದುಡೀತಾಳ, ಗಂಡ ಮನ್ಯಾಗ ಕುಂತಾನ.” ಅಷ್ಟು ಹೇಳಿ ಅನಿಕಾಳ ಕಡೆ ತಿರುಗಿದರು. “ಕನ್ನಡ ಬರ್ತೈತೇನವಾ?”

“ಅ ಲಿಟ್ಲ್” ಎಂದಳು ಅನಿಕಾ.

“ಅಂದ್ರ ಬರಂಗಿಲ್ಲ.”

ತಟ್ಟೆ ತೆಗೆದುಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತು ಊಟ ಮಾಡಿದೆವು. ಆ ಹೆಂಗಸು ನಮ್ಮ ಊರಿನವರೇ ಎಂದು ಆಗ ಗೊತ್ತಿರಲಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಗುಡ್ಡದ ಆಚೆಯ ಒಂದು ಸಣ್ಣ ಊರು ಎಂದುಕೊಳ್ಳಿ. ನಾನು ಅಲ್ಲಿನ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಪಘಾತಕ್ಕೆ ಮೊದಲು ನಾವು ಅಲ್ಲೇ ಒಂದು ಹಳೆಯ ಮರದ ಮನೆ ಕೊಂಡಿದ್ದೆವು. ಮೋಹನ್‌ಗೆ ಅದನ್ನು ಕೈಯಾರೆ ರಿಪೇರಿ ಮಾಡುವ ಹುಚ್ಚಿತ್ತು. ಈಗ ಅದೇ ಮನೆಯ ಐದು ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು. ಬಾಗಿಲುಗಳು ಎಷ್ಟು ಕಿರಿದೆಂದರೆ ಗಾಲಿಕುರ್ಚಿ ಮುಂದಿನ ಕೋಣೆ ಬಿಟ್ಟು ಒಳಗೆ ಹೋಗುತ್ತಿರಲಿಲ್ಲ. ಅವನ ಹಾಸಿಗೆ, ಊಟ, ಸ್ಪಂಜಿನ ಸ್ನಾನ ಎಲ್ಲವೂ ಆ ಒಂದೇ ಕೋಣೆಯಲ್ಲಿ. ತಳದ ಕಂಬಗಳು ಕೊಳೆತಿವೆ, ರಿಪೇರಿಯಾಗುವುದಿಲ್ಲ, ಕೆಡವಿ ಕಟ್ಟಿ ಎಂದ ಕಂಟ್ರಾಕ್ಟರು.

ಕೆಡವಲು ಪರ್ಮಿಟ್ಟು ಬೇಕು. ಅಷ್ಟು ಹಳೆಯ ಮನೆಯಾದರೆ ಊರಿನ ಹಳೇ ಮನೆಗಳ ಸಮಿತಿ ಒಪ್ಪಬೇಕು. ಅರ್ಜಿಯಲ್ಲಿ ಗಾಲಿಕುರ್ಚಿಯ ವಿಷಯ ಬರೆಯೋಣ ಎಂದೆ. “ನನ್ನನ್ನ ತೋರಿಸಿ ಕೇಳೋದಾದ್ರೆ ಕೇಳಲೇಬೇಡ” ಎಂದ ಮೋಹನ್. ಬರೆಯಲಿಲ್ಲ.

ಅಂಗಳದಲ್ಲಿ ನೋಟೀಸಿನ ಹಲಗೆ ನೆಟ್ಟ ಮೂರನೇ ದಿನ ಗೇಟಿನಾಚೆ ಇಳಕಲ್ ಸೀರೆ ಕಾಣಿಸಿತು. ಮನೆಯ ಫೋಟೋ ತೆಗೆಯುತ್ತಿದ್ದರು. ಹೊರಗೆ ಓಡಿದೆ.

“ಏನು ಬೇಕಿತ್ತು?”

“ಓ, ನೀವೇನು? ಇದು ಕ್ಯಾಪ್ಟನ್ ಥಾರ್ಪನ ಮನಿ. ಈ ಊರ ಕಟ್ಟಿದ ಮಂದ್ಯಾಗ ಒಬ್ಬವ. ಗೊತ್ತೈತೇನು?”

“ಇದು ನಮ್ಮನೆ.”

“ನಿಮ್ಮದು ಎರಡ ವರ್ಷದಿಂದ. ಅದಕ್ಕೂ ಮೊದಲ ನೂರಕ್ಕೂ ಹೆಚ್ಚ ವರ್ಷ ಯಾರ್ಯಾರೋ ಇದ್ದರಲ್ಲ?”

“ಇದ್ದೋರು ಹೋದ್ರು. ಈಗ ನಾವಿದೀವಿ.”

“ನಿಮಗ ನಾಕ ಬಾತ್‌ರೂಮಿನ ದೊಡ್ಡ ಮನಿ ಬೇಕಾಗೈತಿ. ಅದಕ್ಕ ಇದನ್ನ ಕೆಡವತೀರಿ. ನಾ ಬಿಡಂಗಿಲ್ಲ.”

ಆ ಮಾತಿಗೆ ಉತ್ತರ ನನ್ನ ಹಿಂದೆ, ಕಿಟಕಿಯ ಪರದೆಯ ಆಚೆ ಮಲಗಿತ್ತು. ಹೇಳುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿದ್ದೆ. “ಇಲ್ಲಿಂದ ಹೋಗಿ, ಇಲ್ಲಾಂದ್ರೆ ಪೊಲೀಸಿಗೆ ಫೋನ್ ಮಾಡ್ತೀನಿ” ಎಂದು ಕೂಗಿದೆ.

“ಮಾಡ್ರಿ. ನಾ ನಿಂತದ್ದು ರಸ್ತಾದಾಗ.”

ನಿಜ. ಬೂಟಿನ ತುದಿ ನಮ್ಮ ಗೇಟಿಗಿಂತ ಒಂದು ಗೇಣು ಆಚೆಗಿತ್ತು. ಇನ್ನೂ ನಾಲ್ಕು ಫೋಟೋ ತೆಗೆದುಕೊಂಡು ನಿಧಾನಕ್ಕೆ ಹೋದರು.

ವಾರದಲ್ಲಿ ತಕರಾರಿನ ಪತ್ರ ಬಂತು. ಹಳೆಯ ತೆರಿಗೆ ಪುಸ್ತಕದಲ್ಲಿ ಈ ಜಾಗದ ಎದುರಿಗೆ ‘ಥಾರ್ಪ್’ ಎಂದಿದೆ, ಆದ್ದರಿಂದ ಇದು ಕ್ಯಾಪ್ಟನ್ ಇಲಿಯಾಸ್ ಥಾರ್ಪ್ ವಾಸವಿದ್ದ ಮನೆ, ಕೆಡವಕೂಡದು. ಐದು ಸದಸ್ಯರ ಸಹಿ. ಪತ್ರ ಬರೆದವರು ಶಾರದಾಬಾಯಿ ಕಟಗೇರಿ. ಊರಿನ ಲೈಬ್ರರಿಯ ಹಿಂದಿನ ಇತಿಹಾಸದ ಕೋಣೆಯಲ್ಲಿ ವಾರಕ್ಕೆರಡು ದಿನ ಸಂಬಳವಿಲ್ಲದೆ ದುಡಿಯುತ್ತಿದ್ದವರು, ಸಮಿತಿಯಲ್ಲಿದ್ದ ಒಬ್ಬರೇ ಭಾರತೀಯರು. ಆ ರಾತ್ರಿ ನಾನು ಅವರಿಗೆ ಇಟ್ಟ ಹೆಸರುಗಳನ್ನು ಇಲ್ಲಿ ಬರೆಯಲಾರೆ.

ಕ್ಯಾಪ್ಟನ್ ನಮ್ಮ ಮನೆಯಲ್ಲಿ ಇರಲಿಲ್ಲ ಎಂದು ತೋರಿಸಿದರೆ ತಕರಾರು ಬಿದ್ದುಹೋಗುತ್ತದೆ ಎಂದ ಕಂಟ್ರಾಕ್ಟರು. ತೋರಿಸುವ ಕಾಗದಗಳಿದ್ದದ್ದು ಅದೇ ಇತಿಹಾಸದ ಕೋಣೆಯಲ್ಲಿ. ಅರ್ಧ ದಿನ ರಜೆ ಹಾಕಿ ಹೋದೆ.

“ಹೆಸರು, ಓದು, ಕಸಬು ಚೀಟ್ಯಾಗ ಬರ್ರಿ” ಎಂದರು ಅಕ್ಕೋರು. ಬರೆದೆ. “ಪೆನ್ನಿನ್ಯಾಗ ಅಲ್ಲ, ಪೆನ್ಸಿಲ್ಲಿನ್ಯಾಗ.” ಮತ್ತೆ ಬರೆದೆ. “ಚೀಲ ಹೊರಗ.” ಇಟ್ಟು ಬಂದೆ. 1880ರ ಗಣತಿಯ ಹಾಳೆಗಳನ್ನು ಕಂಪ್ಯೂಟರಿನಲ್ಲಿ ತೆರೆದುಕೊಟ್ಟು ತಮ್ಮ ಮೇಜಿಗೆ ಹೋಗಿ ಕೂತರು. ಆದರೆ ಕುರ್ಚಿ ಮಾತ್ರ ನನ್ನ ಕಡೆಗೇ ತಿರುಗಿತ್ತು.

ಓರೆ ಅಕ್ಷರದಲ್ಲಿ ಯಾರೋ ಕೈಯಲ್ಲಿ ಬರೆದ ಹಾಳೆಗಳು. ಒಂದು ಸಾಲಿಗೆ ಒಬ್ಬರು. ಮನೆ ಯಜಮಾನ, ಹೆಂಡತಿ, ಮಕ್ಕಳು, ವಯಸ್ಸು, ಕಸುಬು, ಓದು ಬರುತ್ತದೋ ಇಲ್ಲವೋ. ಥಾರ್ಪ್ ಎಂಬ ಹೆಸರು ಹುಡುಕುತ್ತ ಹೋದೆ. ಒಂದು ಗಂಟೆಯಾದ ಮೇಲೆ ಕ್ಯಾಪ್ಟನ್ ಸಿಕ್ಕ: ಹೆಂಡತಿ, ನಾಲ್ಕು ಮಕ್ಕಳು, ಒಬ್ಬ ಅಡುಗೆಯವ. ಇದೇ ಊರು. ಮೇಲೆದ್ದೆ.

“ಏನ ಸಿಕ್ತು?”

“ನೀವು ಹೇಳಿದ್ದೇ ಸಿಕ್ತು. ಖುಷಿಯಾಯ್ತಾ?”

“ಯಾವ ಹಾಳ್ಯಾಗ? ಬಾಜೂಕ ಯಾರದಾರ?”

“ಬಾಜೂಕೆ ಯಾರಿದ್ರೆ ನಂಗೇನು?”

ಅಕ್ಕೋರಿಗೆ ಆ ಮಾತು ತಡೆಯಲಾಗಲಿಲ್ಲ. ಹತ್ತಿರ ಬಂದು ನನ್ನ ಕೈಯಿಂದ ಮೌಸು ಕಿತ್ತುಕೊಂಡರು. “ನೀವು ಹೆಸರ ಓದೀರಿ. ಗಣತಿ ಹಂಗ ಓದೂದಲ್ಲ. ಗಣತಿಯವ ಹಾರಕೋಂತ ಹೋಗಂಗಿಲ್ಲ, ನಡಕೋಂತ ಹೋಗ್ತಾನ. ಈ ಮನಿ ಆದಮ್ಯಾಲ ಬಾಜೂ ಮನಿ. ಅವನ ಬೆನ್ನ ಹಿಂದ ನಡದ್ರ ಮನಿ ತಾನ ಸಿಗ್ತಾವು. ಬಿ.ಎಸ್ಸಿ. ಮಾಡೀರಿ, ಇಷ್ಟು ತಿಳೀವಲ್ದು.”

ನನ್ನ ದಡ್ಡತನ ತೋರಿಸಲೆಂದೇ ಹಾಳೆಯ ಮೇಲೆ ಬೆರಳಿಟ್ಟು ನಡೆಯತೊಡಗಿದರು. ಪಕ್ಕದಲ್ಲಿ ಊರಿನ ಹಳೆಯ ನಕ್ಷೆ ಹರಡಿಕೊಂಡರು. ನಮ್ಮ ಬೀದಿಯ ಮೂಲೆಯಲ್ಲಿ ಕಮ್ಮಾರ, ನಕ್ಷೆಯಲ್ಲೂ ಇದ್ದ, ಹಾಳೆಯಲ್ಲೂ ಇದ್ದ. ಅವನ ಪಕ್ಕ ಕುದುರೆ ಲಾಯದವನು. ಲಾಯದ ಪಕ್ಕದ ಜಾಗ ನಮ್ಮದು. ಅಕ್ಕೋರ ಬೆರಳು ಮುಂದಿನ ಸಾಲಿಗಿಳಿದು ಅಲ್ಲೇ ನಿಂತಿತು.

ಬ್ರಿಜೆಟ್ ಥಾರ್ಪ್. ವಿಧವೆ. ವಯಸ್ಸು ಮೂವತ್ನಾಲ್ಕು. ಹುಟ್ಟಿದ್ದು ಐರ್ಲೆಂಡ್. ಕಸುಬು: ಬಟ್ಟೆ ಒಗೆಯುವುದು. ಓದು ಬಾರದು, ಬರಹ ಬಾರದು. ಐದು ಮಕ್ಕಳು, ಕೊನೆಯದು ಮೂರು ವರ್ಷದ ನೆಲ್ಲಿ. ಕ್ಯಾಪ್ಟನ್ ಇದ್ದದ್ದು ಇನ್ನೂ ಮೂರು ಹಾಳೆ ಆಚೆ, ಹಳ್ಳ ದಾಟಿ, ದನದ ದೊಡ್ಡಿಗಳ ನಡುವೆ. ಇಬ್ಬರಿಗೂ ಅಡ್ಡಹೆಸರು ಒಂದೇ, ಅಷ್ಟೆ.

ಅಕ್ಕೋರು ಬಹಳ ಹೊತ್ತು ಆ ಸಾಲು ನೋಡಿದರು. ಆಮೇಲೆ ಕಂಪ್ಯೂಟರು ಆರಿಸಿಬಿಟ್ಟರು. “ಹೊತ್ತಾತು. ರೂಮ ಮುಚ್ಚಬೇಕು.”

ಮೂರೂವರೆ ಗಂಟೆ. ಕೋಣೆ ಮುಚ್ಚುವುದು ಐದಕ್ಕೆ.

ವಿಚಾರಣೆಗೆ ಇನ್ನೂ ಮೂರು ವಾರವಿತ್ತು. ಮುದುಕಿ ಇದನ್ನು ಹೂತುಹಾಕುತ್ತಾಳೆ ಎಂದು ಮೋಹನ್‌ಗೆ ಹೇಳಿದೆ. ತಾನೇ ಬರೆದ ಪತ್ರವನ್ನು ತಾನೇ ಸುಳ್ಳೆಂದು ಯಾರು ಹೇಳುತ್ತಾರೆ? ನಾನು ಹೇಳಿದರೆ ನಂಬುವವರಾದರೂ ಯಾರು? ಅಕ್ಕೋರು ಬರದ ದಿನ ನೋಡಿ ಹೋಗಿ ಹಾಳೆಗಳ ನಕಲು ತೆಗೆದು, ಮನೆಗಳನ್ನು ಕೆಂಪು ಗೆರೆಯಲ್ಲಿ ಜೋಡಿಸಿ, ಮಾತು ಬಾಯಿಪಾಠ ಮಾಡಿಕೊಂಡೆ.

ವಿಚಾರಣೆಯ ಸಂಜೆ ಸಮಿತಿಯ ಅಧ್ಯಕ್ಷರು ಪತ್ರ ಓದಿದರು. ನಾನು ಏಳುವುದರೊಳಗೆ ಮೇಜಿನ ಆಚೆ ತುದಿಯಲ್ಲಿ ಅಕ್ಕೋರು ಎದ್ದು ನಿಂತರು. ಬಾಗಲಕೋಟೆಯ ಇಂಗ್ಲಿಷಿನಲ್ಲಿ, ಪಾಠ ಹೇಳುವ ಧಾಟಿಯಲ್ಲಿ, ಈ ಪತ್ರ ತಪ್ಪು, ಬರೆದವಳು ನಾನೇ, ತಪ್ಪು ನನ್ನದು ಎಂದರು. ಕಮ್ಮಾರನಿಂದ ಹಿಡಿದು ಒಂದೊಂದೇ ಮನೆ ನಡೆಸಿಕೊಂಡು ಬಂದರು. ನನ್ನ ಕೆಂಪು ಗೆರೆಯ ಹಾಳೆಗಳು ತೊಡೆಯ ಮೇಲೇ ಉಳಿದವು.

“ಹಾಗಾದರೆ ಅಲ್ಲಿದ್ದವರು ಯಾರು?” ಎಂದರು ಅಧ್ಯಕ್ಷರು.

“ಬಟ್ಟೆ ಒಗೆಯುವ ಹೆಂಗಸು.”

ಅಧ್ಯಕ್ಷರು ಮುಗುಳ್ನಕ್ಕರು. ಹಾಗಿದ್ದರೆ ಮನೆಗೆ ಐತಿಹಾಸಿಕ ಮಹತ್ವವೇನೂ ಇಲ್ಲವಲ್ಲ, ಕೆಲಸ ಸುಲಭವಾಯಿತು ಎಂದರು. ಅಕ್ಕೋರು ಕೂರಲಿಲ್ಲ. 1900ರ ಗಣತಿಯ ಹಾಳೆಯೊಂದನ್ನು ಎತ್ತಿ ಹಿಡಿದರು. ಆ ಸಲದ ಗಣತಿಯಲ್ಲಿ ಹೆಂಗಸರನ್ನು ಕೇಳುತ್ತಿದ್ದರಂತೆ, ಹೆತ್ತದ್ದೆಷ್ಟು, ಉಳಿದದ್ದೆಷ್ಟು ಎಂದು. ಬ್ರಿಜೆಟ್ ಆಗಲೂ ಅದೇ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು.

“ನೈನ್ ಚಿಲ್ಡ್ರನ್, ಸರ್. ಟೂ ಲಿವಿಂಗ್. ಪ್ಲೀಸ್ ರೈಟ್ ಇಟ್ ಡೌನ್.”

ನಿಯಮದಲ್ಲಿ ಅದಕ್ಕೆ ಜಾಗವಿಲ್ಲ ಎಂದರು ಅಧ್ಯಕ್ಷರು. “ರೈಟ್ ಇಟ್ ಡೌನ್” ಎಂದರು ಅಕ್ಕೋರು ಮತ್ತೊಮ್ಮೆ. ದನಿ ಏರಿತ್ತು. ಯಾರೂ ಬರೆದುಕೊಳ್ಳಲಿಲ್ಲ. ಕೈ ಎತ್ತಿಸಿದರು. ಕೆಡವಬಹುದು ಎಂದು ನಾಲ್ಕು, ಕೂಡದು ಎಂದು ಒಂದು. ಆ ಒಂದು ಕೈ ಅಕ್ಕೋರದು.

ಹೊರಗೆ ಅವರ ಹಿಂದೆ ಓಡಿದೆ. “ಥ್ಯಾಂಕ್ಸ್, ಅಕ್ಕೋರೆ.”

“ನಿಮಗಾಗಿ ಮಾಡಿಲ್ಲ. ನನ್ನ ಓಟ ಎಲ್ಲಿ ಬಿತ್ತು, ನೋಡಿದ್ರೋ ಇಲ್ಲೋ?”

“ನೋಡಿದೆ.”

“ಮತ್ತೇನ ಥ್ಯಾಂಕ್ಸು? ಹೋಗ್ರಿ, ಕೆಡವ್ರಿ.”

ಕೆಡವುವ ಮೊದಲು ಇತಿಹಾಸದ ಕೋಣೆಯವರು ಬಂದು ಮನೆಯ ಅಳತೆ ತೆಗೆದುಕೊಳ್ಳಬೇಕೆಂಬ ಷರತ್ತಿತ್ತು. ಬಂದವರು ಅಕ್ಕೋರೇ. ಅಂಗಡಿಗೆ ಹೋಗಿದ್ದ ನಾನು ತಿರುಗಿ ಬರುವಷ್ಟರಲ್ಲಿ ಟೇಪಿನ ಒಂದು ತುದಿ ಮೋಹನ್ ಕೈಯಲ್ಲಿತ್ತು, ಇನ್ನೊಂದು ಅವರ ಕೈಯಲ್ಲಿ. ಮುಂದಿನ ಕೋಣೆಯ ಅಳತೆ ಮುಗಿದಿತ್ತು. “ಬರ್ರಿ, ಅಡಗಿ ಮನಿ ತಗೊಳ್ಳೂಣು” ಎಂದರು. ಮೋಹನ್ ಗಾಲಿ ತಿರುಗಿಸಿ ಬಾಗಿಲವರೆಗೆ ಹೋಗಿ ನಿಂತ. ಚೌಕಟ್ಟಿಗೆ ಗಾಲಿ ತಾಗಿತು. ಕೋಣೆಯೊಳಗೆ ತಿರುಗುವಾಗಲೆಲ್ಲ ಗೋಡೆಗೆ ಉಜ್ಜಿ ಅವನ ಗೆಣ್ಣುಗಳು ಸುಲಿದಿದ್ದವು. “ಇಲ್ಲಿಗೆ ನನ್ನ ಗಡಿ ಮೇಡಂ, ಮುಂದಿನದು ಇವಳು ಹಿಡ್ಕೋತಾಳೆ” ಎಂದು ನಕ್ಕ.

ಅಕ್ಕೋರು ಬಾಗಿಲು ಅಳೆದರು. “ಇಪ್ಪತ್ನಾಕ ಇಂಚು” ಎಂದು ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

“ಇದನ್ನ ಗೇಟಿನ್ಯಾಗ ಯಾಕ ಹೇಳಲಿಲ್ಲ?”

“ನೀವು ಕೇಳಿದ್ರಾ? ಊರಿನೋರನ್ನೆಲ್ಲ ಏನೇನೋ ಕೇಳ್ತೀರಿ. ಮೋಹನ್ ಯಾಕೆ ಮನೇಲಿದಾನೆ ಅಂತ ಒಂದು ಮಾತು ಕೇಳಿದ್ರಾ?”

ಅವರು ಟೇಪು ಸುತ್ತಿದರು. ಕ್ಷಮಿಸಿ ಎನ್ನಲಿಲ್ಲ. ಆ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮೋಹನ್ ಪಕ್ಕದಲ್ಲಿ ಕೂತು ಅವನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಬ್ರಿಜೆಟ್‌ಳ ಐದು ಮಕ್ಕಳು ಏನಾದವು ಎಂದು ಅವನು ಕೇಳಿದ. ನಡುವಿನ 1890ರ ಗಣತಿ ಬೆಂಕಿಯಲ್ಲಿ ಹೋಗಿದೆ, ಆ ಇಪ್ಪತ್ತು ವರ್ಷ ಕತ್ತಲೆ ಎಂದರು. ಉಳಿದ ಇಬ್ಬರಲ್ಲಿ ಒಬ್ಬ ಮಗ ಅವಳ ಜೊತೆಗೇ ಇದ್ದ. ಇನ್ನೊಬ್ಬರು ಯಾರು? ಬ್ರಿಜೆಟ್ ಸತ್ತಾಗ ಪತ್ರಿಕೆಯಲ್ಲಿ ಎರಡು ಸಾಲು ಬಂದಿತ್ತು, ಗಿಲ್‌ರಾಯಿಯಲ್ಲಿ ಒಬ್ಬ ಮಗಳಿದ್ದಾಳೆ ಎಂದು. ಹೆಸರಿರಲಿಲ್ಲ. ಅಲ್ಲಿನ ಚರ್ಚಿನ ಮದುವೆ ಪುಸ್ತಕ ನೋಡಬೇಕು, ಹೋಗಿಯೇ ನೋಡಬೇಕು. ಆದರೆ ತಮ್ಮ ಮಗಳಿಗೆ ಮೆನ್ಲೋ ಪಾರ್ಕಿನ ಆಫೀಸಿನಿಂದ ಬಿಡುವಿಲ್ಲ, ತಮಗೆ ಕಾರು ಓಡಿಸಲು ಬರುವುದಿಲ್ಲ ಎಂದರು.

“ವಸುಧಾ ಕರ್ಕೊಂಡು ಹೋಗ್ತಾಳೆ ಬಿಡಿ” ಎಂದ ನನ್ನ ಗಂಡ. ಅವರು ಹೋದ ಮೇಲೆ ಅವನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಗಿಲ್‌ರಾಯಿಗೆ ದೂರದ ದಾರಿ. ಎ.ಸಿ. ಹಾಕಿದರೆ ಚಳಿ, ಆರಿಸಿದರೆ ಸೆಕೆ. ಲೇನ್ ಬದಲಿಸಿದರೆ “ಯಾಕ ಹೊಳ್ಳಿದ್ರಿ?” ಬದಲಿಸದಿದ್ದರೆ “ಆ ಲಾರಿ ಹಿಂದ ಇಡೀ ದಿನ ಹೋಗೂದೇನು?” ಹೊಲಗಳು ಶುರುವಾಗಿ ಬೆಳ್ಳುಳ್ಳಿ ವಾಸನೆ ಒಳಗೆ ಬಂದಾಗ ಕಿಟಕಿ ಏರಿಸಲು ಬಿಡಲಿಲ್ಲ. ತಡೆಯಲಾರದೆ ಕೇಳಿದೆ, “ಯಾರೋ ಅಗಸಗಿತ್ತಿ ಮಗಳು. ಸಿಕ್ಕಿದ್ರೆ ನಿಮಗೇನು, ಬಿಟ್ರೆ ನಿಮಗೇನು?”

ಬೈಯುತ್ತಾರೆ ಎಂದುಕೊಂಡೆ. ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದರು.

“ನಾ ಗಣತಿ ಮಾಡೂ ಮುಂದ ನನ್ನ ಮನಿ ನನ್ನ ಪಾಲಿಗೇ ಬಂದಿತ್ತು. ನನ್ನ ಹೆಸರ ನಾನ ಬರಕೊಂಡೆ. ಹಡದದ್ದು ಎಷ್ಟು ಅನ್ನೂ ಕಾಲಮ್ಮು ಬಂತು. ಮೂರು ಬರೀಬೇಕಾಗಿತ್ತು. ಒಂದು ಬರದೆ.”

“ಯಾಕೆ?”

“ಪೆನ್ನ ಏಳಲಿಲ್ಲ. ಎರಡು ಗಂಡು. ಒಂದು ಹನ್ನೊಂದ ದಿನ ಇತ್ತು. ಒಂದು ಎರಡ ವರ್ಷ. ನಡೀತಿತ್ತು ಅದು. ಸಾವಿರಾರು ಹೆಂಗಸರ ಕೇಳೇನಿ, ಹಡದದ್ದೆಷ್ಟು, ಉಳದದ್ದೆಷ್ಟು. ಅತಗೋಂತ ಹೇಳ್ಯಾರ, ಬರಕೊಂಡೇನಿ. ನನ್ನದು ಬರೀಲಿಲ್ಲ. ಸರಕಾರದ ಲೆಕ್ಕದಾಗ ನನ್ನ ಹುಡುಗರು ಹುಟ್ಟೇ ಇಲ್ಲ. ಆ ಅಕ್ಷರ ಬಾರದಾಕಿ ಒಂಬತ್ತಕ್ಕೊಂಬತ್ತು ಹೇಳ್ಯಾಳ.”

ಅವರ ಕೈ ಮೇಲೆ ಕೈ ಇಟ್ಟೆ. ಕೊಡವಿಬಿಟ್ಟರು. “ರಸ್ತಾ ನೋಡು. ನಾ ಇರೂ ತನಕ ಯಾರ ಮುಂದರ ಬಾಯಿ ಬಿಟ್ಟಿ ಅಂದ್ರ ನೋಡ್ಕೋ.” ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಆಗಲೇ ಮೊದಲು.

ಚರ್ಚಿನಲ್ಲಿ ಎರಡು ತಾಸು ಹಿಡಿಯಿತು. ನೆಲ್ಲಿ ಥಾರ್ಪ್, ವರ ಆಂಟೋನ್ ರೋಸಾ. ಮೂರು ವರ್ಷದ ಆ ಕೊನೆಯ ಕೂಸು ಬದುಕಿತ್ತು, ದೊಡ್ಡದಾಗಿ ಮದುವೆಯಾಗಿತ್ತು. ಅಕ್ಕೋರು ಪೆನ್ಸಿಲ್ಲಿನಲ್ಲಿ ಬರೆದುಕೊಂಡು, ನಾನು ಬರೆದುಕೊಂಡದ್ದನ್ನೂ ಇಸಿದುಕೊಂಡು ನೋಡಿ, “ಎರಡ ಎಲ್ ಬರ್ತಾವು” ಎಂದು ತಿದ್ದಿದರು. ವಾಪಸ್ ಬರುವಾಗ ಲೇನಿನ ಬಗ್ಗೆ ಮತ್ತೆ ಜಗಳವಾಯಿತು.

ಮುಂದಿನ ವಾರ ನಮ್ಮ ಹಳೆಯ ಮನೆ ಒಂದು ಬೆಳಗಿನಲ್ಲಿ ನೆಲಕ್ಕೆ ಬಿತ್ತು. ಅಕ್ಕೋರು ನೋಡಲು ಬರಲಿಲ್ಲ. ಅದಾಗಿ ಎರಡು ದಿನಕ್ಕೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಫೋನು ಬಂತು. ಅವರು ನನಗೆ ಎಂದೂ ಫೋನು ಮಾಡಿದವರಲ್ಲ.

“ನಾಕ ಹಡದಾಳ. ನಾಕೂ ಅದಾವ.”

“ಯಾರು ಅಕ್ಕೋರೆ?”

“ನೆಲ್ಲಿ. ಮತ್ಯಾರು? 1910ರ ಹಾಳ್ಯಾಗ ಐತಿ. ನಾಕಕ್ಕ ನಾಕು.” ಉಸಿರು ಕೇಳಿಸುತ್ತಿತ್ತು. “ನಾಕೂ ಅದಾವ, ತಂಗಿ” ಎಂದರು, ಫೋನಿಟ್ಟುಬಿಟ್ಟರು.

ಕಾರು ಪಕ್ಕಕ್ಕೆ ಹಾಕಿ ತಿರುಗಿ ಮಾಡಿದೆ. ಎತ್ತಲಿಲ್ಲ.

ಹೊಸ ಮನೆಯ ತಳಪಾಯ ಹಾಕುವಷ್ಟರಲ್ಲಿ ಅವರು ತೀರಿಕೊಂಡರು. ನಿದ್ದೆಯಲ್ಲೇ ಹೃದಯ ನಿಂತಿತ್ತು. ನಾನೂ ಮೋಹನ್‌ನೂ ಹೋದೆವು. ಅವರ ಮಗಳು ಬಾಗಿಲಿಗೆ ಬಂದು ಗಾಲಿಕುರ್ಚಿ ನೋಡಿ ನನ್ನನ್ನು ಗುರುತಿಸಿದಳು.

“ವಸುಧಾ ಅಂದ್ರೆ ನೀವೇನಾ? ಅವ್ವ ದಿನಾ ನಿಮ್ಮನ್ನ ಬೈತಿದ್ಲು.”

“ನಾನೂ ಬೈತಿದ್ದೆ.”

“ಅದನ್ನೂ ಹೇಳ್ತಿದ್ಲು” ಎಂದು ನಗಲು ಹೋಗಿ ಅತ್ತುಬಿಟ್ಟಳು.

ನೆಲ್ಲಿಯ ನಾಲ್ಕು ಮಕ್ಕಳು ಮುಂದೆ ಏನಾದರು ಎಂದು ನೋಡೋಣವೆಂದು ಕಳೆದ ತಿಂಗಳು ಇತಿಹಾಸದ ಕೋಣೆಗೆ ಹೋಗಿದ್ದೆ. ಅಕ್ಕೋರ ಜಾಗಕ್ಕೆ ನಿವೃತ್ತರೊಬ್ಬರು ಬಂದಿದ್ದಾರೆ, ಬಹಳ ಸೌಮ್ಯ. ಹಾಳೆ ತೆರೆದುಕೊಟ್ಟು, ನೀರು ಬೇಕೇ ಎಂದು ಕೇಳಿ, ಪಕ್ಕದಲ್ಲೇ ನಿಂತರು. ನಾನು ಒಂದು ಸಾಲನ್ನು ಗಟ್ಟಿಯಾಗಿ ಓದಿದೆ. ಅರ್ಧ ಓದುವಾಗಲೇ ತಪ್ಪು ಮನೆ ಓದುತ್ತಿದ್ದೇನೆಂದು ಗೊತ್ತಾಯಿತು. ಆದರೂ ಕೊನೆಯವರೆಗೆ ಓದಿ, ತಿದ್ದುತ್ತಾರೇನೋ ಎಂದು ಕಾದೆ.

“ಗುಡ್ ಜಾಬ್” ಎಂದರು ಅವರು.